ಯೀಸ್ಟ್ ಎಂಬ ಕಾಣದ ಕೆಲಸಗಾರ

ಭಟ್ಕಳದಿಂದ ಹೊರಟು ಹೊನ್ನಾವರವನ್ನು ಹಾಯ್ದು ಕುಮಟಾದವರೆಗೆ ಪ್ರಯಾಣ ಮಾಡುವವರಿಗೆ ದಾರಿಯುದ್ದಕ್ಕೂ ತೆಂಗಿನ ತೋಟಗಳು ಕಾಣುತ್ತವೆ. ಈ ಮರ ನಮಗೆ ಕಾಯಿ, ಎಣ್ಣೆ, ನಾರು, ಮಡಲುಗಳನ್ನು ಕೊಡುವುದೆಂದು ಶಾಲೆಯ ಪ್ರಬಂಧಗಳಲ್ಲಿ ನಾವೆಲ್ಲರೂ ಬರೆದಿದ್ದೇವೆ. ಆದರೆ ಅದೇ ಮರ ಕಳ್ಳನ್ನೂ ಕೊಡುತ್ತದೆಂದು ಬರೆಯಲು ನಮ್ಮ ಕೈ ಹಿಂಜರಿಯುತ್ತದೆ. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ಕಂಡಿದ್ದೇನೆ. ಕುಡಿತವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಸಿಹಿಯಾದ ರಸವೊಂದು ಕೆಲವೇ ತಾಸುಗಳಲ್ಲಿ ಬೇರೆ ರುಚಿಯನ್ನೂ ಬೇರೆ ವಾಸನೆಯನ್ನೂ ಪಡೆಯುವುದು ಹೇಗೆ, ಆ ರುಚಿ ಯಾರು ಕೊಟ್ಟದ್ದು, ಎಂಬಿಷ್ಟನ್ನೇ ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ನನ್ನ ಅಜ್ಜ ಹೊನ್ನಾವರ ತಾಲೂಕಿನ ಒಂದು ಹಳ್ಳಿಯಲ್ಲಿ ಕಳ್ಳು ಇಳಿಸುತ್ತಿದ್ದವರು. 1883ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವು ಇದನ್ನು ಹಳೇಪೈಕರ ಕಸುಬೆಂದು ದಾಖಲಿಸಿದೆ. ತೆಂಗಿನ ಹೊಂಬಾಳೆ ಅರಳುವುದಕ್ಕೆ ಮೊದಲೇ ಅದನ್ನು ಬಿಗಿಯಾಗಿ ಕಟ್ಟಿ, ಮೃದುವಾಗಿ ಬಡಿದು, ತುದಿಯನ್ನು ದಿನವೂ ತೆಳ್ಳಗೆ ಕೊಯ್ಯುತ್ತ ಬಂದರೆ ರಸ ತೊಟ್ಟಿಕ್ಕತೊಡಗುತ್ತದೆ. ಆಗತಾನೆ ಇಳಿದ ರಸದಲ್ಲಿ ಹುಳಿಯೂ ಇಲ್ಲ, ಅಮಲೂ ಇಲ್ಲ. ನೂರರಲ್ಲಿ ಸುಮಾರು 12ರಿಂದ 15 ಪಾಲು ಸಕ್ಕರೆಯಿರುತ್ತದೆ. ಇದೇ ನೀರಾ. ಮಡಕೆಯ ಒಳಮೈಗೆ ಸುಣ್ಣ ಬಳಿದು ಕಟ್ಟಿದರೆ ರಸ ಸಿಹಿಯಾಗಿಯೇ ಇಳಿಯುತ್ತದೆ. ಅದನ್ನು ಕಾಯಿಸಿ ಬೆಲ್ಲ ಮಾಡಬಹುದು. ಸುಣ್ಣವಿಲ್ಲದ ಮಡಕೆಯಲ್ಲಾದರೋ ಮರದ ಮೇಲೆಯೇ ನೊರೆಯೇಳುತ್ತದೆ. ಹಾಗಾದರೆ ಸುಣ್ಣ ತಡೆದದ್ದು ಯಾರನ್ನು?

ಅದು ತಡೆದದ್ದು ಕಣ್ಣಿಗೆ ಕಾಣದ ಜೀವಿಗಳನ್ನು. ಅವುಗಳಲ್ಲಿ ಮುಖ್ಯವಾದದ್ದು ಯೀಸ್ಟ್. ಇದು ಅಣಬೆಯ ಬಳಗಕ್ಕೆ ಸೇರಿದ ಏಕಕೋಶ ಜೀವಿ. ಇದರ ಗಾತ್ರ ಒಂದು ಮಿಲಿಮೀಟರಿನ ಸುಮಾರು 200ರಲ್ಲಿ ಒಂದು ಪಾಲು. ಹೂವು, ಹಣ್ಣು, ಜೇನ್ನೊಣ, ಹಳೆಯ ಮಡಕೆಯ ರಂಧ್ರ, ಇವೆಲ್ಲವೂ ಅದರ ನೆಲೆಗಳು. ಹುದುಗುವಿಕೆ ಸಜೀವವಾದ ಯೀಸ್ಟಿನ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಿಂದ 1860ರವರೆಗಿನ ತನ್ನ ಪ್ರಯೋಗಗಳಿಂದ ತೋರಿಸಿದನು. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಲೆಕ್ಕದ ಪ್ರಕಾರ 100 ಗ್ರಾಂ ಗ್ಲೂಕೋಸಿನಿಂದ 51 ಗ್ರಾಂ ಮದ್ಯಸಾರ, 49 ಗ್ರಾಂ ಅನಿಲ. ಮಡಕೆಯಲ್ಲಿ ಏಳುವ ನೊರೆ ಈ ಅನಿಲದ್ದೇ. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್, ಯೀಸ್ಟನ್ನು ಅರೆದು ಹಿಂಡಿದ ರಸವೂ ಇದೇ ಕೆಲಸ ಮಾಡಬಲ್ಲದೆಂದು ಕಂಡುಹಿಡಿದನು. ಅದಕ್ಕಾಗಿ 1907ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ರಸದಲ್ಲಿದ್ದುದು ಎನ್‌ಜೈಮ್. ಗ್ರೀಕ್ ಮೂಲದಲ್ಲಿ ಇದಕ್ಕೆ 'ಯೀಸ್ಟಿನೊಳಗೆ' ಎಂದರ್ಥ. ನಮ್ಮ ಪಠ್ಯಪುಸ್ತಕಗಳು ಇದನ್ನು 'ಕಿಣ್ವ' ಎನ್ನುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಸುರೆ ತಯಾರಿಸಲು ಬೆರೆಸುವ ಹುದುಗು. ಎರಡು ದೂರದೇಶಗಳ ಭಾಷೆಗಳು ಒಂದೇ ಮಡಕೆಯಿಂದ ಶಬ್ದವನ್ನೆತ್ತಿದ್ದು ಸೋಜಿಗವಲ್ಲವೇ?

ಆದರೆ ಯೀಸ್ಟಿನ ಕೆಲಸ ಮದ್ಯಸಾರಕ್ಕೆ ಮುಗಿಯುವುದಿಲ್ಲ. ಇದನ್ನು ಸ್ಪಷ್ಟವಾಗಿ ತಿಳಿಯಲು ಸ್ವಲ್ಪ ಹೊತ್ತು ಬೆಲ್ಜಿಯಂ ದೇಶಕ್ಕೆ ಹೋಗಿ ಬರೋಣ. ಅಲ್ಲಿಯ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳು ತಮ್ಮ ಮಠಗಳಲ್ಲಿ ಬಾರ್ಲಿಯಿಂದ 'ಏಲ್' ಎಂಬ ಗಡಸು ಬಿಯರನ್ನು ತಯಾರಿಸುತ್ತಾರೆ. ವೆಸ್ಟ್‌ಮಾಲೆ ಮಠದ 'ಟ್ರಿಪೆಲ್' ಎಂಬುದರಲ್ಲಿ ನೂರಕ್ಕೆ 9.5 ಪಾಲು ಮದ್ಯಸಾರವಿದೆ. ಬಾರ್ಲಿಯ ರಸಕ್ಕೆ ಸಕ್ಕರೆಯನ್ನೂ ಸೇರಿಸುವುದರಿಂದ ಯೀಸ್ಟಿಗೆ ಹೆಚ್ಚು ಆಹಾರ ದೊರೆತು ಪೇಯ ಗಡಸಾಗುತ್ತದೆ. ಈ ಬಗೆಯ ಎಷ್ಟೋ ಏಲುಗಳಿಗೆ ಮಾಗಿದ ಬಾಳೆಯ ಹಣ್ಣಿನ ಮತ್ತು ಲವಂಗದ ಪರಿಮಳವಿರುತ್ತದೆ. ಆದರೆ ಅದಕ್ಕೆ ಬಾಳೆಯ ಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕಿರಬೇಕೆಂದಿಲ್ಲ! ಬಾಳೆಯ ಪರಿಮಳ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು; ಬಾಳೆಗೊನೆ ಹಣ್ಣಾದಾಗ ಮನೆಯೆಲ್ಲ ತುಂಬುವುದೂ ಮುಖ್ಯವಾಗಿ ಇದೇ. ಲವಂಗದಂಥ ವಾಸನೆಯು ಬಾರ್ಲಿಯಲ್ಲಿರುವ ಫೆರೂಲಿಕ್ ಆಮ್ಲವನ್ನು ಯೀಸ್ಟ್ ಮಾರ್ಪಡಿಸುವುದರಿಂದ ಹುಟ್ಟುತ್ತದೆ. ಒಂದೇ ರಸವನ್ನು ಎರಡು ಪಾತ್ರೆಗಳಲ್ಲಿ ಹಾಕಿ ಎರಡು ತಳಿಯ ಯೀಸ್ಟನ್ನು ಬಿಟ್ಟರೆ ಎರಡು ರುಚಿಯ ಪೇಯಗಳಾಗುತ್ತವೆ. ಸೆಖೆ ಹೆಚ್ಚಿದಷ್ಟೂ ಸಾಮಾನ್ಯವಾಗಿ ಹಣ್ಣಿನ ಪರಿಮಳ ಹೆಚ್ಚುತ್ತದೆ. ಆದ್ದರಿಂದ ಆ ಸಂನ್ಯಾಸಿಗಳು ಯೀಸ್ಟನ್ನು ಮನೆಯ ಬೀಜದ ಭತ್ತದಂತೆ ಜೋಪಾನ ಮಾಡುತ್ತಾರೆ. ಶಿಮೆ ಮಠದಲ್ಲಿ ಫಾದರ್ ಥಿಯೊಡೋರ್ ಎಂಬವರು 1948ರಲ್ಲಿ ಬೇರ್ಪಡಿಸಿದ ತಳಿ ಅಲ್ಲಿಯ ಏಲುಗಳಿಗೆಲ್ಲ ಆಧಾರ. ವೆಸ್ಟ್‌ಮಾಲೆಯ ಯೀಸ್ಟನ್ನು ವೆಸ್ಟ್‌ವ್ಲೆಟೆರನ್ ಮಠದವರೂ ತಂದು ಬಳಸುತ್ತಾರೆ; ನಮ್ಮಲ್ಲಿ ಹೆಪ್ಪಿಗೆ ಮಜ್ಜಿಗೆಯನ್ನು ನೆರೆಮನೆಯಿಂದ ತಂದಂತೆ.

ಈಗ ನಮ್ಮ ಮಡಕೆಗೆ ಮರಳೋಣ. ಇಲ್ಲಿ ಯಾರೂ ಯೀಸ್ಟನ್ನು ಆರಿಸಿ ಹಾಕುವುದಿಲ್ಲ. ಗಾಳಿ, ಹುಳ, ಹಳೆಯ ಮಡಕೆ ಇವುಗಳಿಂದ ತಾನಾಗಿ ಬರುತ್ತದೆ. ಜೊತೆಗೆ ಹುಳಿ ತರುವ ಬ್ಯಾಕ್ಟೀರಿಯಗಳೂ ಬಂದು ಸಕ್ಕರೆಯಲ್ಲಿ ಪಾಲು ಕೇಳುತ್ತವೆ. ಆದ್ದರಿಂದ ಕಳ್ಳಿನ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ 4ರಿಂದ 6 ಪಾಲಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಗಾಳಿಯನ್ನು ಬಯಸುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯ ಮದ್ಯಸಾರವನ್ನೇ ತಿಂದು ವಿನೆಗರ್ ಮಾಡತೊಡಗುತ್ತದೆ. ಮುಂಜಾನೆಯ ಕಳ್ಳಿಗೂ ಮರುದಿನದ ಕಳ್ಳಿಗೂ ಇರುವ ಅಂತರ ಇದೇ. ನನ್ನ ಅಜ್ಜನಿಗೆ ಈ ಹೆಸರುಗಳೊಂದೂ ತಿಳಿದಿರಲಿಲ್ಲ. ಆದರೆ ಒಳ್ಳೆಯ ಕಳ್ಳು ಬಂದ ಮಡಕೆಯನ್ನು ಬರಿಯ ನೀರಿನಲ್ಲಿ ತೊಳೆದು ಮತ್ತೆ ಕಟ್ಟುತ್ತಿದ್ದರು. ಕೆಟ್ಟ ಹುಳಿ ಹಿಡಿದದ್ದನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ಅಂದರೆ ಬೇಕಾದ ತಳಿಯನ್ನು ಉಳಿಸುವುದು, ಬೇಡದ್ದನ್ನು ಕೊಲ್ಲುವುದು. ಮಠದ ಪ್ರಯೋಗಶಾಲೆಯಲ್ಲಿ ನಡೆಯುವುದೂ ಮೂಲತಃ ಇದೇ ಕೆಲಸ.

ಕುಡಿಯದವರೂ ಈ ಯೀಸ್ಟಿನ ಋಣದಲ್ಲಿದ್ದಾರೆ. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸನ್ನಾಕ್ಕೆ ಅಕ್ಕಿಯ ಹಿಟ್ಟನ್ನು ಉಬ್ಬಿಸುತ್ತಿದ್ದುದು ಕಳ್ಳೇ. ಈಗ ಅನೇಕರು ಅಂಗಡಿಯ ಯೀಸ್ಟನ್ನು ಹಾಕುತ್ತಾರೆ. ಹಿಟ್ಟೇನೋ ಉಬ್ಬುತ್ತದೆ, ಆದರೆ ಮೊದಲಿನ ರುಚಿಯಿಲ್ಲವೆಂದು ಹಿರಿಯರು ಹೇಳುತ್ತಾರೆ. ಅದು ಬರಿಯ ಹಳಹಳಿಕೆಯಲ್ಲ. ತಳಿ ಬದಲಾದರೆ ರುಚಿ ಬದಲಾಗಲೇಬೇಕು.

1949ರ ಮುಂಬಯಿ ಪಾನನಿರೋಧ ಕಾಯದೆ ಬಂದಾಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಜ್ಜನ ತಂದೆಯ ಕಾಲದ ಮಾತು ಅದು. ಹೊತ್ತು ಮೂಡುವ ಮೊದಲೇ ಮರವೇರುತ್ತಿದ್ದವರು ಅಪರಾಧಿಗಳೆನಿಸಿಕೊಂಡರು. ಮುಂದೆ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ಕಾನೂನುಗಳೂ ಬದಲಾದವು. ನಾಚಿಕೆ ಮಾತ್ರ ಉಳಿಯಿತು. ನಮ್ಮ ಮನೆಯಲ್ಲಿ ಈಗ ಆ ಕತ್ತಿಯನ್ನು ಹಿಡಿಯಬಲ್ಲವರು ಯಾರೂ ಇಲ್ಲ. ಅತ್ತ ಬೆಲ್ಜಿಯಂ ದೇಶದ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ ಸಂಸ್ಥೆ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಬರೆದಿಟ್ಟರು, ಕಾಪಿಟ್ಟರು. ನಾವು ಮಡಕೆಯೊಡನೆ ಅರಿವನ್ನೂ ಒಡೆದೆವು.

ಮರವೇರಿದ ಮುದುಕರು ಕೆಲವರಾದರೂ ಈ ಮೂರು ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಕಲಾ ವಿಭಾಗದ ನಾವು ಅವರ ಬಳಿ ಕುಳಿತು ಅವರ ಮಾತುಗಳನ್ನೂ ಕ್ರಮಗಳನ್ನೂ ಬರೆದುಕೊಳ್ಳಬಹುದು. ವಿಜ್ಞಾನದ ಗೆಳೆಯರು ಕಳ್ಳಿನ ಗಸಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ನಾನೂರು ಪಟ್ಟು ಹಿಗ್ಗಿಸಿದರೆ ಮೊಗ್ಗೊಡೆಯುವ ಯೀಸ್ಟ್ ಚೆನ್ನಾಗಿ ಕಾಣುತ್ತದೆ. ಇಂಥ ತಳಿಗಳನ್ನು ಕಾಪಿಡುವ ಸಂಗ್ರಹಾಲಯ ನಮ್ಮ ದೇಶದ ಚಂಡೀಗಢದಲ್ಲಿಯೇ ಇದೆ. ಇದಕ್ಕಾಗಿ ಯಾರೂ ಒಂದು ಗುಟುಕು ಕುಡಿಯಬೇಕಾಗಿಲ್ಲ. ಸಹಪಾಠಿಗಳು ಈ ಕೆಲಸಕ್ಕೆ ಮನಸ್ಸು ಕೊಡಬೇಕೆಂದು ನನ್ನ ವಿನಂತಿ.