ಹಳೇ ಗೇಮ್, ಹೊಸ ಲ್ಯಾಪ್‌ಟಾಪ್: ಜಗಳ ಎಲ್ಲಿ?

'ಡೇಂಜರಸ್ ಡೇವ್', 'ಪ್ರಿನ್ಸ್ ಆಫ್ ಪರ್ಷಿಯಾ' ಎರಡೂ ಡಾಸ್ ಕಾಲದಲ್ಲಿ ಹೆಸರು ಮಾಡಿದ ಗೇಮ್‌ಗಳು. ನಮ್ಮ ಅಣ್ಣ-ಅಕ್ಕಂದಿರು ಸ್ಕೂಲ್ ಲ್ಯಾಬ್‌ನಲ್ಲಿ ಕದ್ದುಮುಚ್ಚಿ ಆಡಿದ್ದು ಇವನ್ನೇ. ಈಗ ಅದೇ ಫೈಲನ್ನು ವಿಂಡೋಸ್ 11ರಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ, ಇದು ನಿಮ್ಮ ಪಿಸಿಯಲ್ಲಿ ಓಡಲ್ಲ ಅಂತ ಮೆಸೇಜ್ ಬರುತ್ತೆ. ಫ್ಲಾಪಿಯಲ್ಲಿ ಹಿಡಿಸುತ್ತಿದ್ದ ಗೇಮ್, 16 ಜಿಬಿ ರ‍್ಯಾಮ್ ಇರೋ ಮೆಷಿನ್‌ನಲ್ಲಿ ಯಾಕೆ ಓಡಲ್ಲ?

ಮೊದಲ ಕಾರಣ ಪ್ರೊಸೆಸರ್ ಮೋಡ್. ಡಾಸ್ ಗೇಮ್‌ಗಳು 16 ಬಿಟ್ ಕೋಡ್. 32 ಬಿಟ್ ವಿಂಡೋಸ್ ಇವನ್ನು 'ವರ್ಚುವಲ್ 8086' ಮೋಡ್‌ನಲ್ಲಿ ಓಡಿಸುತ್ತಿತ್ತು. 64 ಬಿಟ್ ಓಎಸ್ ಬಳಸುವ 'ಲಾಂಗ್ ಮೋಡ್'ನಲ್ಲಿ ಆ ಸೌಲಭ್ಯವೇ ಇಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ.

ಎರಡನೆಯದು ಹಾರ್ಡ್‌ವೇರ್. ಆಗಿನ ಗೇಮ್‌ಗಳು ವಿಡಿಯೋ ಮೆಮೊರಿಗೆ, ಸೌಂಡ್ ಕಾರ್ಡಿನ ಪೋರ್ಟ್‌ಗೆ ನೇರವಾಗಿ ಬರೆಯುತ್ತಿದ್ದವು. ಈಗಿನ ಓಎಸ್ ಮಧ್ಯೆ ನಿಂತು ಅದನ್ನು ತಡೆಯುತ್ತೆ.

ಮೂರನೆಯದು ವೇಗ. ಮೊದಲ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಎಷ್ಟೋ ಗೇಮ್‌ಗಳು ಖಾಲಿ ಲೂಪ್ ಸುತ್ತಿಸಿ ಸಮಯ ಅಳೆಯುತ್ತಿದ್ದವು. ವೇಗದ ಪ್ರೊಸೆಸರ್‌ನಲ್ಲಿ ಆ ಲೂಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು, ನಾವು ಕೀ ಒತ್ತುವ ಮೊದಲೇ ಹೀರೋ ಸತ್ತಿರ್ತಾನೆ! ಹಳೇ ಪಿಸಿಗಳಲ್ಲಿ ವೇಗ ಇಳಿಸಲು 'ಟರ್ಬೊ' ಬಟನ್ ಇದ್ದದ್ದು ಇದಕ್ಕೇ.

ಈ ಮೂರಕ್ಕೂ ಒಂದೇ ಮದ್ದು ಡಾಸ್‌ಬಾಕ್ಸ್. ಇದು ಉಚಿತ, ಓಪನ್ ಸೋರ್ಸ್. ಹಳೇ ಪ್ರೊಸೆಸರ್, ವಿಜಿಎ, ಸೌಂಡ್ ಬ್ಲಾಸ್ಟರ್ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಅನುಕರಿಸುತ್ತೆ. ಗೇಮ್ ಇರುವ ಫೋಲ್ಡರನ್ನು 'ಮೌಂಟ್' ಕಮಾಂಡ್‌ನಿಂದ ಸಿ ಡ್ರೈವ್ ಅಂತ ತೋರಿಸಿ, ಗೇಮ್ ಫೈಲಿನ ಹೆಸರು ಟೈಪ್ ಮಾಡಿದ್ರೆ ಸಾಕು. ತುಂಬಾ ಜೋರಾಗಿ ಓಡಿದ್ರೆ ಕಂಟ್ರೋಲ್ ಜೊತೆ ಎಫ್11 ಒತ್ತಿ, ವೇಗ ಇಳಿಯುತ್ತೆ. ಎಫ್12 ಒತ್ತಿದ್ರೆ ಏರುತ್ತೆ.

ಲಿನಕ್ಸ್ ಬಳಸುವವರಿಗೆ ಹಳೇ ವಿಂಡೋಸ್ ಗೇಮ್ ಬೇಕಿದ್ರೆ 'ವೈನ್' ಇದೆ. ಅದು ಪ್ರೊಸೆಸರನ್ನು ಅನುಕರಿಸಲ್ಲ; ಗೇಮ್ ವಿಂಡೋಸ್‌ಗೆ ಕೇಳೋದನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಬದಲಿಸುತ್ತೆ ಅಷ್ಟೇ.

ಒಂದು ಮಾತು: ಗೇಮ್ ಹಳೇದಾದ ಮಾತ್ರಕ್ಕೆ ಕಾಪಿರೈಟ್ ಹೋಗಲ್ಲ. ಜಿಓಜಿಯಂಥ ಅಂಗಡಿಗಳು ಎಷ್ಟೋ ಹಳೇ ಗೇಮ್‌ಗಳನ್ನು ಡಾಸ್‌ಬಾಕ್ಸ್ ಸಮೇತ ಮಾರುತ್ತವೆ.

ಇದೆಲ್ಲ ಬರೀ ಟೈಮ್‌ಪಾಸಾ? 'ಪ್ರಿನ್ಸ್ ಆಫ್ ಪರ್ಷಿಯಾ' ಬರೆದ ಜೋರ್ಡನ್ ಮೆಕ್ನರ್ ಅವರ ಮೂಲ ಸೋರ್ಸ್ ಕೋಡ್ ವರ್ಷಗಟ್ಟಲೆ ಕಳೆದುಹೋಗಿತ್ತು. ಅವರ ತಂದೆಗೆ ಹಳೇ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿದ್ದರಿಂದ 2012ರಲ್ಲಿ ಅದು ಗಿಟ್‌ಹಬ್ ಸೇರಿತು. ಫ್ಲಾಪಿ ಕೆಟ್ಟಿದ್ದರೆ? ಕೋಡ್ ಉಳಿದರೆ ಸಾಲದು, ಅದನ್ನು ಓಡಿಸುವ ಯಂತ್ರವೂ ಉಳಿಯಬೇಕು. ಇವತ್ತು ನಾವು ಬರೆಯೋ ಪ್ರಾಜೆಕ್ಟ್‌ಗಳಿಗೂ ಮುಂದೆ ಇದೇ ಗತಿ ಬರಬಹುದು, ಅಲ್ವಾ?