ಸುಲೋಚನಾ ಕಲಿತ ಮಾತು

ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಅಕ್ಕನಿಗೆ ರಾತ್ರಿ ಊಟವಾದ ಮೇಲೆ ಜಿ.ಕೆ. ಪ್ರಶ್ನೆ ಕೇಳುವುದು ನನ್ನ ಕೆಲಸ. ಅವತ್ತು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯ ಸರದಿ. ‘1969?’ ಅಂದೆ. ‘ದೇವಿಕಾ ರಾಣಿ.’ ‘1995?’ ‘ಅದೂ ಒಂದು ಪ್ರಶ್ನೆಯೇನೋ? ನಮ್ಮ ಅಣ್ಣಾವ್ರು!’ ‘1973?’ ಅಕ್ಕ ಸುಮ್ಮನಾದಳು. ಪುಸ್ತಕದಲ್ಲಿದ್ದ ಹೆಸರು ರೂಬಿ ಮೈಯರ್ಸ್. ನಾನೂ ಕೇಳಿರಲಿಲ್ಲ.

ಮೊಬೈಲ್‌ನಲ್ಲಿ ಹುಡುಕಿದರೆ ಕಪ್ಪು ಬಿಳುಪಿನ ಒಂದು ಫೋಟೊ ಸಿಕ್ಕಿತು. ಮೊದಲು ಕಂಡಿದ್ದೇ ಆ ಕಣ್ಣುಗಳು. ಸಿನಿಮಾದಲ್ಲಿ ಆಕೆಯ ಹೆಸರು ಸುಲೋಚನಾ, ಅಂದರೆ ಚೆಂದದ ಕಣ್ಣುಳ್ಳವಳು. ಮಾತೇ ಇಲ್ಲದ ಮೂಕಿ ಚಿತ್ರಗಳಲ್ಲಿ ಕಣ್ಣೇ ತಾನೆ ಮಾತಾಡಬೇಕು! (1934ರ ನಮ್ಮ ಮೊದಲ ಟಾಕಿ ‘ಸತಿ ಸುಲೋಚನಾ’ಗೂ ಈಕೆಗೂ ಸಂಬಂಧವಿಲ್ಲ.)

ರೂಬಿ ಹುಟ್ಟಿದ್ದು 1907ರಲ್ಲಿ, ಪುಣೆಯ ಬಾಗ್ದಾದಿ ಯಹೂದಿ ಕುಟುಂಬದಲ್ಲಿ. ಮೊದಲು ಮಾಡುತ್ತಿದ್ದುದು ಟೆಲಿಫೋನ್ ಆಪರೇಟರ್ ಕೆಲಸ. ಮುಖ ಕಾಣದ, ಬರೀ ದನಿಯ ಕೆಲಸ. ನಿರ್ದೇಶಕ ಮೋಹನ್ ಭವನಾನಿ ನಟಿಸಲು ಕರೆದಾಗ ಆಕೆ ಮೊದಲು ಒಪ್ಪಲಿಲ್ಲ. ಮನೆತನದ ಹೆಣ್ಣುಮಕ್ಕಳು ಸಿನಿಮಾ ಸೇರಬಾರದು ಎನ್ನುತ್ತಿದ್ದ ಕಾಲವದು. ಕೊನೆಗೆ ಒಪ್ಪಿದರು. ಇದು ಬರೀ ಮುಖದ, ದನಿ ಕೇಳದ ಕೆಲಸ!

ಆಕೆ ಬರೀ ಪುರಾಣದ ರಾಣಿಯಾಗಿ ಉಳಿಯಲಿಲ್ಲ. ‘ಟೈಪಿಸ್ಟ್ ಗರ್ಲ್’, ‘ಟೆಲಿಫೋನ್ ಗರ್ಲ್’ (ಎರಡೂ 1926) ಚಿತ್ರಗಳಲ್ಲಿ ದುಡಿಯುವ ಹುಡುಗಿಯಾದರು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಎಂಟು ವೇಷ ಹಾಕಿದರು, ಅದರಲ್ಲಿ ಪೊಲೀಸನದೂ ಒಂದು. ಬಾಂಬೆ ಗವರ್ನರ್‌ಗಿಂತ ಆಕೆಯ ಸಂಬಳವೇ ಜಾಸ್ತಿ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ.

ಆಮೇಲೆ ತಂತ್ರಜ್ಞಾನ ಬದಲಾಯಿತು. 1931ರಲ್ಲಿ ಇಂಪೀರಿಯಲ್ ಫಿಲ್ಮ್ ಕಂಪನಿ ದೇಶದ ಮೊದಲ ಟಾಕಿ ‘ಆಲಂ ಆರಾ’ ತೆರೆಗೆ ತಂದಿತು. ಸುಲೋಚನಾ ಆ ಕಂಪನಿಯದೇ ದೊಡ್ಡ ತಾರೆ. ಆದರೆ ನಾಯಕಿಯಾದದ್ದು ಜುಬೇದಾ. ಸುಲೋಚನಾಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ನಾನು ಮೊಬೈಲ್ ಕೆಳಗಿಟ್ಟೆ. ಯಾಕೆಂದರೆ ಅದೇ ವಾರ ಕಾಲೇಜಿನಲ್ಲಿ ಅಣಕು ಗ್ರೂಪ್ ಡಿಸ್ಕಷನ್ ನಡೆದಿತ್ತು. ವಿಷಯ ಎಲೆಕ್ಟ್ರಿಕ್ ವಾಹನ. ಬ್ಯಾಟರಿ ಬಗ್ಗೆ ನಾನು ಮಿನಿ ಪ್ರಾಜೆಕ್ಟ್ ಮಾಡಿದ್ದೆ. ಆದರೂ ಹತ್ತು ನಿಮಿಷ ಬಾಯಿ ಬಿಡಲಿಲ್ಲ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಲೆಯೊಳಗಿನ ವಾಕ್ಯ ಇಂಗ್ಲಿಷ್ ಆಗುವಷ್ಟರಲ್ಲಿ ಸರದಿ ಇನ್ನೊಬ್ಬರ ಪಾಲಾಗಿರುತ್ತಿತ್ತು. ಹೊರಗೆ ಬಂದಾಗ ಗೆಳೆಯನೊಬ್ಬ ‘ಏನೋ, ಮೂಕಿ ಸಿನಿಮಾನಾ?’ ಅಂದ. ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಸುಲೋಚನಾ ಏನು ಮಾಡಿದರು ಗೊತ್ತಾ? ಒಂದು ವರ್ಷ ಬಿಡುವು ಪಡೆದು ಹಿಂದೂಸ್ತಾನಿ ಕಲಿತರು. ಊರೆಲ್ಲ ಗುರುತಿಸುವ ತಾರೆ ಅಕ್ಷರ ತಿದ್ದುವ ಮಕ್ಕಳಂತೆ ಕೂತು ಕಲಿಯುವುದು ಸುಲಭವೇ? 1932ರಲ್ಲಿ ತಮ್ಮದೇ ಮೂಕಿ ಚಿತ್ರ ‘ಮಾಧುರಿ’ಯ ಟಾಕಿ ರೂಪದಲ್ಲಿ ಮತ್ತೆ ನಾಯಕಿಯಾಗಿ ಬಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಬರೀ ಭಾಷಣದ ಸರಕಾಗುತ್ತಿತ್ತು. ಮುಂದೆ ಅವಕಾಶಗಳು ಕಡಿಮೆಯಾದವು. 1928ರ ಮೂಕಿ ‘ಅನಾರ್ಕಲಿ’ಗೂ 1935ರ ಟಾಕಿಗೂ ಆಕೆಯೇ ನಾಯಕಿ. 1953ರಲ್ಲಿ ಮತ್ತೆ ‘ಅನಾರ್ಕಲಿ’ ಬಂದಾಗ ಸಿಕ್ಕಿದ್ದು ಸಲೀಮನ ತಾಯಿಯ ಪಾತ್ರ. ಅದನ್ನೂ ಮಾಡಿದರು. ಪ್ರಶಸ್ತಿ ಬಂದ ಮೇಲೂ, 1975ರ ‘ಜೂಲಿ’ಯಲ್ಲಿ ಚಿಕ್ಕ ಪಾತ್ರ ಮಾಡಿದರು. 1983ರಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ ತಯಾರಾದ ಮೂಕಿ ಚಿತ್ರಗಳು 1,300ಕ್ಕೂ ಹೆಚ್ಚು. ಉಳಿದಿರುವುದು ಬೆರಳೆಣಿಕೆಯಷ್ಟು. ಆಗಿನ ನೈಟ್ರೇಟ್ ರೀಲು ಬೇಗ ಹಾಳಾಗುತ್ತಿತ್ತು, ಬೆಂಕಿಗೂ ಬೇಗ ಸಿಗುತ್ತಿತ್ತು. ಸುಲೋಚನಾರ ಆ ಎಂಟು ವೇಷಗಳನ್ನು ನಾನು ನೋಡಿಲ್ಲ. ಆದರೂ ಆ ಫೋಟೊ ಮನಸ್ಸಿನಿಂದ ಹೋಗುತ್ತಿಲ್ಲ. ಮೊದಲ ದಿನ ಬರೀ ಕಣ್ಣು ಕಂಡಿತ್ತು. ಈಗ ಪುಸ್ತಕ ಹಿಡಿದು ಕೂತ ಹೆಂಗಸೊಬ್ಬಳು ಕಾಣುತ್ತಾಳೆ.

ಈಗ ನಮ್ಮನೆಯಲ್ಲಿ ಜಿ.ಕೆ. ಮುಗಿದ ಮೇಲೆ ಅಕ್ಕ ಗಡಿಯಾರ ನೋಡುತ್ತಾ ಕೂರುತ್ತಾಳೆ. ಐದು ನಿಮಿಷ ನಾನು ಇಂಗ್ಲಿಷ್‌ನಲ್ಲಿ ಮಾತಾಡಬೇಕು. ನಿನ್ನೆ ಮೂರನೇ ನಿಮಿಷಕ್ಕೆ ತಡವರಿಸಿ ನಿಂತೆ. ಮೊದಲ ದಿನ ಒಂದು ನಿಮಿಷವೂ ಆಗಿರಲಿಲ್ಲ.