ಮೀನಿನ ಮನೆಯ ಕೊಳೆ

ನೀರು ತುಂಬುವ ಹಬ್ಬದ ದಿನ ಮನೆಯಲ್ಲಿ ತೊಳೆಯದ ಪಾತ್ರೆಯೊಂದು ಉಳಿದರೆ ನಮ್ಮ ತಾಯಿಯವರಿಗೆ ಸಮಾಧಾನವಿಲ್ಲ. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಹಂಡೆ ಎಲ್ಲಿಂದ ಬರಬೇಕು? ಗೀಸರಿಗೇ ಒಂದು ಹೂವಿನ ಮಾಲೆ ಹಾಕಿ, ಊರಿನಿಂದ ತಂದ ತಾಮ್ರದ ಬಿಂದಿಗೆಯನ್ನು ಹುಣಿಸೇಹಣ್ಣಿನಿಂದ ತಿಕ್ಕಿ ತುಂಬಿಸಿಟ್ಟು ಶಾಸ್ತ್ರ ಮುಗಿಸುತ್ತೇವೆ. 2022ರಲ್ಲಿ ಆ ಹಬ್ಬ ಅಕ್ಟೋಬರ್ 23, ಭಾನುವಾರ ಬಂದಿತ್ತು. ಕಚೇರಿಗೆ ರಜ, ಕೈಯಲ್ಲಿ ಬ್ರಷ್ಷು, ಮೈಯಲ್ಲಿ ಹುರುಪು. ಬಿಂದಿಗೆ ಫಳಫಳ ಹೊಳೆದ ಮೇಲೆ ನಮ್ಮ ಕಣ್ಣು ನಡುಮನೆಯ ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಮೇಲೆ ಬಿತ್ತು.

ಆ ತೊಟ್ಟಿ ಬಂದದ್ದು 2019ರಲ್ಲಿ. ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ಮಗಳಿಗೆ ತೋರಿಸಲೆಂದು ಹೋದದ್ದೇ ತಪ್ಪಾಯಿತು. ಕ್ರಾಫರ್ಡ್ ಮಾರ್ಕೆಟ್ಟಿನ ಮಗ್ಗುಲಲ್ಲಿ ಹಾದು ಮನೆ ಸೇರುವಷ್ಟರಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ, ನಾಲ್ಕು ಚಿನ್ನದ ಮೀನುಗಳು ಮತ್ತು ಒಂದು ಫಿಲ್ಟರು ನಮ್ಮ ಜೊತೆಗಿದ್ದವು. ಕೆಂಪಿ, ಬೆಳ್ಳಿ, ರಾಣಿ, ಗುಂಡ ಎಂದು ಮಗಳೇ ನಾಮಕರಣ ಮಾಡಿದಳು. ಫಿಲ್ಟರೆಂದರೆ ದೊಡ್ಡ ಯಂತ್ರವೇನಲ್ಲ. ಪುಟ್ಟ ಮೋಟಾರೊಂದು ತೊಟ್ಟಿಯ ನೀರನ್ನು ಸೆಳೆದು, ಸ್ಪಂಜು ಮತ್ತು ಪಿಂಗಾಣಿಯ ಸಣ್ಣ ಬಳೆಗಳ ಮೂಲಕ ಹಾಯಿಸಿ ಮರಳಿ ಬಿಡುತ್ತದೆ, ಅಷ್ಟೆ.

ಆ ಭಾನುವಾರ ಅದನ್ನು ಬಿಚ್ಚಿದೆವು. ಕಂದು ಬಣ್ಣದ ಲೋಳೆ ಹಿಡಿದ ಸ್ಪಂಜನ್ನು ಕಂಡು ಅಸಹ್ಯವಾಯಿತು. ಸೋಪು ಹಾಕಬಾರದೆಂಬ ಜ್ಞಾನ ನಮಗಿತ್ತು. ಆದ್ದರಿಂದ ಬರಿಯ ನಲ್ಲಿಯ ನೀರಿನ ಕೆಳಗೆ ಹಿಡಿದು, ಹೊಸದರ ನೀಲಿ ಬಣ್ಣ ಮರಳಿ ಬರುವವರೆಗೆ ತಿಕ್ಕಿದೆವು. ಬಳೆಗಳನ್ನು ಕುದಿಯುವ ನೀರಿಗೆ ಹಾಕಿ ತೆಗೆದೆವು. ಮರುದಿನ ಹಬ್ಬಕ್ಕೆ ಬಂದವರೆಲ್ಲ ತೊಟ್ಟಿಯ ತಿಳಿನೀರನ್ನು ಹೊಗಳಿದರು, ನಾವು ಉಬ್ಬಿದೆವು.

25ರ ಸಂಜೆ ಸೂರ್ಯಗ್ರಹಣ. ಆ ಹೊತ್ತಿಗೇ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದ್ದವು. ಗ್ರಹಣದ ದೋಷವೆಂದು ತಾಯಿಯವರು ದರ್ಭೆಯ ಎಸಳೊಂದನ್ನು ತೊಟ್ಟಿಯ ಮೇಲಿಟ್ಟರು. ಬಲಿಪಾಡ್ಯಮಿಯ ಬೆಳಿಗ್ಗೆ ಕೆಂಪಿಯೂ ಬೆಳ್ಳಿಯೂ ತೇಲುತ್ತಿದ್ದವು, ಮಧ್ಯಾಹ್ನ ರಾಣಿ. ಮಗಳು ಅಂದು ಹೋಳಿಗೆ ಮುಟ್ಟಲಿಲ್ಲ, ದೀಪವನ್ನೂ ಹಚ್ಚಲಿಲ್ಲ.

ನಮ್ಮ ಕಚೇರಿಯಲ್ಲಿ ಮೀನು ಸಾಕಿ ಪಳಗಿದ ಹಿರಿಯರೊಬ್ಬರಿದ್ದಾರೆ. ಫೋನಿನಲ್ಲಿ ಸಂಗತಿಯನ್ನು ಕೇಳಿದವರೇ, "ಫಿಲ್ಟರು ಯಾವತ್ತು ತೊಳೆದಿರಿ?" ಎಂದರು. ಸಂಜೆ ಬಂದು ಒಂದಿಷ್ಟು ನೀರಿಗೆ ಪರೀಕ್ಷೆಯ ಹನಿಗಳನ್ನು ಬಿಟ್ಟರು. ಹಳದಿಯಾಗಿ ಉಳಿಯಬೇಕಾದದ್ದು ಕಡುಹಸಿರಾಯಿತು: ಅಮೋನಿಯ. ಕನ್ನಡಿಯಂಥ ನೀರಿನಲ್ಲಿ ಕಣ್ಣಿಗೆ ಕಾಣದ ವಿಷ!

ಅವರು ವಿವರಿಸಿದ್ದು ಹೀಗೆ. ಮೀನು ಕಿವಿರುಗಳ ಮೂಲಕವೇ ಅಮೋನಿಯವನ್ನು ಹೊರಬಿಡುತ್ತದೆ. ಅಳಿದುಳಿದ ತಿಂಡಿ ಕೊಳೆತರೂ ಅದೇ. ಸ್ಪಂಜಿನ ಲೋಳೆಯಲ್ಲಿ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟಾಗಿ ಪರಿವರ್ತಿಸುತ್ತವೆ. ಇದರ ಬಾಧೆ ಬಹಳ ಕಡಿಮೆ. ಇಂಥ ಜೀವಿಗಳನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದನು. ಇವುಗಳ ಬೆಳವಣಿಗೆ ಬಹು ನಿಧಾನ. ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಲ್ಲಿಯ ನೀರಿನ ಕ್ಲೋರೀನು ಮತ್ತು ನಮ್ಮ ಬಿಸಿನೀರು ಮೂರು ವರ್ಷದ ಆ ಸಂಸಾರವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದವು. ಗ್ರಹಣ ನಿರಪರಾಧಿ.

ಗುಂಡ ಮಾತ್ರ ಉಳಿದಿದ್ದ. ತಿಂಡಿ ನಿಲ್ಲಿಸಿ, ಕ್ಲೋರೀನು ಕಳೆದ ನೀರಿನಿಂದ ದಿನವೂ ಅರ್ಧ ತೊಟ್ಟಿಯನ್ನು ಬದಲಿಸಿದೆವು. ಹಿರಿಯರು ತಮ್ಮ ಮನೆಯ ಕೊಳಕು ಸ್ಪಂಜನ್ನು ಡಬ್ಬಿಯಲ್ಲಿ ತಂದು ನಮ್ಮ ತೊಟ್ಟಿಯೊಳಗೇ ಹಿಂಡಿದರು. ಕೊಳೆಯನ್ನೂ ಹೀಗೆ ಕಡ ಕೊಡುವುದುಂಟೆಂದು ಅಂದೇ ತಿಳಿದದ್ದು.

ಈಗ ನಮ್ಮ ಕ್ರಮ ಬೇರೆ. ಪ್ರತಿ ಭಾನುವಾರ ತೊಟ್ಟಿಯ ಕಾಲುಭಾಗ ನೀರನ್ನು ಬಕೆಟ್ಟಿಗೆ ತೆಗೆಯುತ್ತೇವೆ. ಫಿಲ್ಟರಿನ ಧಾರೆ ಸೊರಗಿದ್ದರೆ ಮಾತ್ರ ಸ್ಪಂಜನ್ನು ಆ ಹಳೆಯ ನೀರಿನಲ್ಲೇ ಎರಡು ಮೂರು ಬಾರಿ ಹಿಂಡಿ, ಕಂದು ಬಣ್ಣ ಇರುವಾಗಲೇ ಮರಳಿ ಇಡುತ್ತೇವೆ. ಬಳೆಗಳ ಸರದಿ ಅದೇ ದಿನ ಅಲ್ಲ, ಮೂರು ವಾರ ಕಳೆದ ಮೇಲೆ. ಸ್ಪಂಜು ಹರಿದು ಹೊಸದನ್ನು ಹಾಕಬೇಕಾದರೂ ಬಳೆಗಳನ್ನು ಆಗ ಮುಟ್ಟುವುದಿಲ್ಲ. ಮೋಟಾರಿನ ಪುಟ್ಟ ಚಕ್ರಕ್ಕೆ ಲೋಳೆ ಸುತ್ತಿ ಗೊರಗೊರ ಸದ್ದು ಬಂದರೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಆ ಚಕ್ರವನ್ನು ನಲ್ಲಿಯಲ್ಲಿ ತೊಳೆದರೂ ಅಡ್ಡಿಯಿಲ್ಲ. ಪ್ಲಗ್ಗನ್ನು ಕೀಳದೆ ನೀರಿಗೆ ಕೈ ಹಾಕಬಾರದೆಂಬುದನ್ನು ಹೇಳಬೇಕಾಗಿಲ್ಲ. ಕರೆಂಟು ಹೋಗಿ ಫಿಲ್ಟರು ಹಲವು ಗಂಟೆ ನಿಂತರೆ ಗಾಳಿಯಿಲ್ಲದೆ ಒಳಗಿನ ಜೀವಿಗಳು ಸಾಯುತ್ತವೆ. ಒಳಗೆ ಉಳಿದ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡಬೇಕು.

ಬಕೆಟ್ಟಿನ ಕಂದು ನೀರು ತಾಯಿಯವರ ಪಾಲು. ನೈಟ್ರೇಟು ಗಿಡಕ್ಕೆ ಗೊಬ್ಬರವಾದ್ದರಿಂದ ಅದೆಲ್ಲ ತುಳಸಿಗೆ ಹೋಗುತ್ತದೆ. ಗುಂಡನಿಗೆ ಜೊತೆ ಬೇಕೆಂದು ಮಗಳ ಹಟ. ಐವತ್ತು ಲೀಟರು ನೀರಿಗೆ ಒಂದು ಚಿನ್ನದ ಮೀನೇ ಹೆಚ್ಚು, ನಾಲ್ಕನ್ನು ತುಂಬಿದ್ದೂ ನಮ್ಮದೇ ತಪ್ಪು ಎಂದು ಹಿರಿಯರು ಹೇಳುತ್ತಾರೆ. ಹಾಗಾದರೆ ದೊಡ್ಡ ತೊಟ್ಟಿ ತನ್ನಿ ಎನ್ನುತ್ತಾಳೆ ಮಗಳು. ಅರ್ಜಿ ನಮ್ಮ ಮೇಜಿನ ಮೇಲಿದೆ.